ಅಡುಗೆಮನೆಗೆ ನೀಲಿ: ಎಲ್ಲಿ, ಎಷ್ಟು, ಯಾವ ಬೆಳಕಿನಲ್ಲಿ

ಬಣ್ಣದಂಗಡಿಯಿಂದ ಶೇಡ್ ಕಾರ್ಡ್ ತಂದಿದ್ದೀರಾ? ಅದನ್ನು ಗೋಡೆಗೆ ಹಿಡಿದು ನೋಡುವ ಮುಂಚೆ ಅಡುಗೆ ಕಟ್ಟೆಯ ಮೇಲೆ ಹರಡಿ. ಪಕ್ಕದಲ್ಲಿ ಸಾಸಿವೆ ಡಬ್ಬಿಯ ಮುಚ್ಚಳ ತೆಗೆದಿಡಿ. ಅರಿಶಿನ, ಮೆಣಸಿನಪುಡಿ, ಮೆಂತ್ಯ, ಜೀರಿಗೆ ಎಲ್ಲ ಕಾಣಲಿ. ಒಂದು ತಾಮ್ರದ ಚೊಂಬು, ಒಂದು ಸ್ಟೀಲ್ ತಟ್ಟೆ ಇಡಿ. ನೆಲಕ್ಕೆ ಹಾಕಿದ ಟೈಲ್ಸ್ ಒಂದು ಚೂರು ಉಳಿದಿದ್ದರೆ ಅದನ್ನೂ ತನ್ನಿ. ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ, ರಾತ್ರಿ ದೀಪ ಹಾಕಿದ ಮೇಲೊಮ್ಮೆ ನೋಡಿ. ಮೂರು ಹೊತ್ತೂ ಯಾವ ನೀಲಿಯ ಪಕ್ಕದಲ್ಲಿ ಅರಿಶಿನ ಕಳೆಗಟ್ಟುತ್ತದೆಯೋ ಅದು ನಿಮ್ಮ ಅಡುಗೆಮನೆಯ ನೀಲಿ.

ನಾನು ಹೀಗೆ ನೋಡದೆ ಎರಡು ವರ್ಷ ಕಷ್ಟಪಟ್ಟೆ. ಅಡುಗೆಮನೆ ಹೊಸದಾಗಿ ಮಾಡಿಸುವಾಗ ಒಂದು ಶೋರೂಮಿನ ಪ್ರಖರ ದೀಪದಡಿ ಅಂಗೈಯಗಲದ ಕಡುನೀಲಿ ಲ್ಯಾಮಿನೇಟ್ ತುಂಡು ನೋಡಿ ಮನಸೋತೆ. ಅದೇ ಬಣ್ಣ ಮೇಲೂ ಕೆಳಗೂ ಹದಿನಾಲ್ಕು ಬಾಗಿಲುಗಳಾಗಿ ಬಂದು ನಿಂತಾಗ, ಸಂಜೆ ಆರರ ನಂತರ ಅದು ನೀಲಿಯಾಗಿ ಉಳಿಯಲೇ ಇಲ್ಲ. ಬರೀ ಕಪ್ಪು. ಕಟ್ಟೆಯ ಕಲ್ಲೂ ಕಪ್ಪು. ಊರಿಂದ ಬಂದ ಅಮ್ಮ ಹೊಸ್ತಿಲಲ್ಲೇ ನಿಂತು, “ಒಳಗೆ ಮೋಡ ಕವಿದ ಹಾಗಿದೆಯಲ್ಲ” ಎಂದರು. ಕೊನೆಗೆ ಮೇಲಿನ ಬಾಗಿಲುಗಳನ್ನಷ್ಟೇ ತೆಗೆಸಿ ಹಾಲುಬಿಳುಪಿನವು ಹಾಕಿಸಿ, ಟ್ಯೂಬ್‌ಲೈಟ್ ಬದಲಿಸಿದೆ. ಕೆಳಗಿನ ಅದೇ ಕಡುನೀಲಿ ಆವತ್ತಿನಿಂದ ಚೆಂದ ಕಾಣತೊಡಗಿತು. ಬಣ್ಣದಲ್ಲಿ ತಪ್ಪಿರಲಿಲ್ಲ. ಪ್ರಮಾಣವೂ ಬೆಳಕೂ ತಪ್ಪಿದ್ದವು.

ನೀಲಿಯ ಸ್ವಭಾವ ಒಂದನ್ನು ಅರ್ಥ ಮಾಡಿಕೊಂಡರೆ ಉಳಿದ ತೀರ್ಮಾನಗಳೆಲ್ಲ ಸುಲಭ. ನಾವು ತಿನ್ನುವ ಪದಾರ್ಥಗಳಲ್ಲಿ ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಬದನೆಕಾಯಿ, ನೇರಳೆಹಣ್ಣು ಎರಡೂ ನೇರಳೆಯ ಪಾಲು. ಶಂಖಪುಷ್ಪದ ಕಷಾಯದಂಥ ಒಂದೆರಡನ್ನು ಬಿಟ್ಟರೆ ತಟ್ಟೆಯಲ್ಲಿ ನೀಲಿ ಕಾಣಸಿಗದು. ದೊಡ್ಡ ಹೋಟೆಲುಗಳ, ಆಹಾರ ಕಾರ್ಖಾನೆಗಳ ಅಡುಗೆಯವರು ಬೆರಳು ಕೊಯ್ದುಕೊಂಡರೆ ನೀಲಿ ಪಟ್ಟಿ ಸುತ್ತಿಕೊಳ್ಳುವುದು ಇದೇ ಕಾರಣಕ್ಕೆ. ಅಕಸ್ಮಾತ್ ಕಳಚಿ ಅಡುಗೆಯೊಳಗೆ ಬಿದ್ದರೂ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಇದನ್ನೇ ತಿರುಗಿಸಿ ನೋಡಿ. ನೀಲಿಯ ಎದುರು ಯಾವ ಅಡುಗೆಯಾದರೂ ಎದ್ದು ಕಾಣುತ್ತದೆ. ಬಣ್ಣದ ಚಕ್ರದಲ್ಲಿ ನೀಲಿಗೆ ಎದುರಿರುವುದು ಕಿತ್ತಳೆ. ಅರಿಶಿನ, ಬ್ಯಾಡಗಿ ಮೆಣಸಿನಕಾಯಿ, ಕುದಿಯುವ ಹುಳಿ, ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ತೇಗದ ಮರ, ಹೀಗೆ ನಮ್ಮ ಅಡುಗೆಮನೆಯ ಬಣ್ಣಗಳು ಬಹುಪಾಲು ಆ ಕಡೆಯವೇ. ಎದುರುಬದುರಾದ ಎರಡು ಬಣ್ಣ ಪಕ್ಕಪಕ್ಕ ಬಂದರೆ ಒಂದನ್ನೊಂದು ಬೆಳಗುತ್ತವೆ.

ಚಿತ್ರಕಾರ ಕ್ಲೋದ್ ಮೊನೆಗೆ ಇದು ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನ ಜಿವರ್ನಿ ಎಂಬ ಹಳ್ಳಿಯಲ್ಲಿ ಆತ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯನ್ನು ಈಗಲೂ ಜನ ನೋಡಲು ಹೋಗುತ್ತಾರೆ. ಅದರ ಅಡುಗೆಮನೆಯ ಗೋಡೆಗಳಿಗೆ ನೀಲಿ-ಬಿಳಿ ರೂಆನ್ ಟೈಲ್ಸ್. ಗೋಡೆಗೆ ತೂಗುಹಾಕಿದ್ದು ತಾಮ್ರದ ಪಾತ್ರೆಗಳ ಸಾಲು. ಪಕ್ಕದ ಊಟದ ಕೋಣೆ ಪೂರ್ತಿ ಹಳದಿ. ಹಳದಿಯಲ್ಲಿ ಕುಳಿತು ನೀಲಿಯನ್ನೂ ನೀಲಿಯಲ್ಲಿ ನಿಂತು ತಾಮ್ರವನ್ನೂ ನೋಡುವ ಏರ್ಪಾಟು. ನಮ್ಮ ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟ ಅಜ್ಜಿಯ ತಾಮ್ರ, ಹಿತ್ತಾಳೆಗೂ ಇಂಥದೊಂದು ಗೋಡೆ ಬೇಕು. ನೀಲಿ ಅಡುಗೆಮನೆಗೆ ಮೊದಲ ಖರ್ಚು ಮಾಡುವ ಮುಂಚೆ ಅವನ್ನು ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ.

ಸುಣ್ಣದೊಳಗಿನ ನೀಲಿ

ನಮ್ಮಲ್ಲಿ ಅಡುಗೆಮನೆಗೆ ನೀಲಿ ಹೊಸತಲ್ಲ. ಮಲೆನಾಡಿನ ನಮ್ಮಜ್ಜಿ ಮನೆಯಲ್ಲಿ ಯುಗಾದಿ ಹತ್ತಿರ ಬಂದಾಗ ಹಂಡೆಯಲ್ಲಿ ಸುಣ್ಣ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಚಿಕ್ಕ ಗಂಟು ಕಟ್ಟಿ ಅದ್ದುತ್ತಿದ್ದರು. ಸೌದೆ ಒಲೆಯ ಹೊಗೆಗೆ ವರ್ಷವಿಡೀ ಹಳದಿಗಟ್ಟಿದ ಗೋಡೆ ಒಂದೇ ಮಧ್ಯಾಹ್ನದಲ್ಲಿ ಬೆಳ್ಳಗಾಗುತ್ತಿತ್ತು. ಹಳದಿಯ ಛಾಯೆಯನ್ನು ನೀಲಿ ಮುರಿಯುತ್ತದೆ, ಅದಕ್ಕೇ ಬಿಳಿ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ. ಪಂಚೆಗೂ ಗೋಡೆಗೂ ಒಂದೇ ಉಪಾಯ. ಗಂಟನ್ನು ಇನ್ನೂ ನಾಲ್ಕು ಸಲ ಅದ್ದಿದರೆ ಗೋಡೆ ಬಿಳಿಯಿಂದ ತಿಳಿನೀಲಿಗೆ ಜಾರುತ್ತಿತ್ತು. ದೇವರ ಗೂಡಿನ ಒಳಭಾಗಕ್ಕೂ ಅಡುಗೆಮನೆಯ ಕಿಟಕಿ ಸುತ್ತಲಿಗೂ ಅಜ್ಜಿ ಬೇಕೆಂದೇ ಹೀಗೆ ಮಾಡಿಸುತ್ತಿದ್ದರು.

ಆ ಪುಡಿಯ ಹಿಂದೊಂದು ದೊಡ್ಡ ಕತೆಯಿದೆ. ಅಲ್ಟ್ರಾಮರೀನ್ ಎಂಬ ಆ ನೀಲಿಯನ್ನು ಹಿಂದೆ ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ಲ್ಯಾಪಿಸ್ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಯುರೋಪಿನ ಚಿತ್ರಕಾರರಿಗೆ ಅದು ಬಲು ದುಬಾರಿ ಬಣ್ಣ. ಅದನ್ನು ಕಡಿಮೆ ಖರ್ಚಿನಲ್ಲಿ ತಯಾರಿಸುವವರಿಗೆ ಬಹುಮಾನ ಕೊಡುವುದಾಗಿ 1824ರಲ್ಲಿ ಫ್ರಾನ್ಸಿನ ಕೈಗಾರಿಕಾ ಪ್ರೋತ್ಸಾಹ ಸಂಘ ಸಾರಿತು. 1828ರಲ್ಲಿ ಅದು ಜೀನ್ ಬಾಪ್ಟಿಸ್ಟ್ ಗಿಮೆ ಎಂಬುವರ ಪಾಲಾಯಿತು. ರಾಜರ ಬಣ್ಣ ಅಗಸರ ಕಟ್ಟೆಗೆ, ಅಲ್ಲಿಂದ ನಮ್ಮ ಸುಣ್ಣದ ಹಂಡೆಗೆ ಬಂದದ್ದು ಆಮೇಲೆ. ಸುಣ್ಣಕ್ಕೆ ಇದು ಒಗ್ಗಿದ್ದಕ್ಕೂ ಕಾರಣವುಂಟು. ಸುಣ್ಣ ಕ್ಷಾರ, ಪ್ರಶ್ಯನ್ ಬ್ಲೂ ಎಂಬ ಇನ್ನೊಂದು ಹಳೆಯ ನೀಲಿ ಅದರಲ್ಲಿ ಕೆಡುತ್ತದೆ, ಅಲ್ಟ್ರಾಮರೀನ್ ಕೆಡುವುದಿಲ್ಲ. ಆದರೆ ಹುಳಿಗೆ ಮಾತ್ರ ಇದು ತಾಳದು. ನಿಂಬೆರಸ, ವಿನಿಗರ್ ಬಿದ್ದಲ್ಲಿ ಬಣ್ಣ ಬಿಳಿಚಿಕೊಳ್ಳುತ್ತದೆ.

ಈಗ ಇದನ್ನು ಮಾಡಿಸಬಹುದೇ? ಖಂಡಿತ ಮಾಡಿಸಬಹುದು, ಮತ್ತು ನನ್ನ ಮಟ್ಟಿಗೆ ಪೇಂಟಿನ ಯಾವ ನೀಲಿಗೂ ಸುಣ್ಣದ ನೀಲಿಯ ಆ ಮೋಡದಂಥ ಏರಿಳಿತ ಬರುವುದಿಲ್ಲ. ಕೆಲವು ಎಚ್ಚರಿಕೆ ಬೇಕು. ಗೋಡೆಗೆ ಈಗಾಗಲೇ ಎಮಲ್ಷನ್ ಬಳಿದಿದ್ದರೆ ಸುಣ್ಣ ಹಿಡಿಯುವುದಿಲ್ಲ, ಕೆರೆದು ಗಾರೆಯವರೆಗೆ ಹೋಗಬೇಕು. ಅಂಗಡಿಯಲ್ಲಿ ಸಿಗುವ ಬಟ್ಟೆಯ ದ್ರವರೂಪದ ನೀಲಿ ಹೆಚ್ಚಾಗಿ ಡೈ. ಅದನ್ನು ಗೋಡೆಗೆ ಬಳಸಬೇಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅಲ್ಟ್ರಾಮರೀನ್ ಪುಡಿ ಎಂದೇ ಕೇಳಿ. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ ಆಮೇಲೆ ಸುಣ್ಣಕ್ಕೆ ಸುರಿಯಿರಿ, ಇಲ್ಲದಿದ್ದರೆ ಗೋಡೆಯ ಮೇಲೆ ನೀಲಿ ಗೆರೆಗಳು ಏಳುತ್ತವೆ. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಮೂರು ಸಲ ಬಳಿಸಿ. ಹಸಿಯಾಗಿದ್ದಾಗ ಕಾಣುವ ಬಣ್ಣ ನೋಡಿ ಗಾಬರಿಯಾಗಬೇಡಿ. ಒಣಗಿದಾಗ ಅದು ಬಹಳ ತಿಳಿಯಾಗುತ್ತದೆ. ಎರಡಡಿ ಚೌಕದಲ್ಲಿ ಬಳಿದು, ಒಂದು ದಿನ ಕಾದು, ಆಮೇಲೆ ಪ್ರಮಾಣ ನಿರ್ಧರಿಸಿ.

ಒಲೆಯ ಹಿಂದೆ, ಸಿಂಕಿನ ಹಿಂದೆ ಸುಣ್ಣ ಬೇಡವೇ ಬೇಡ. ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಕುಂಕುಮ, ಓಕುಳಿ ಮಾಡುವ ಎಲ್ಲರಿಗೂ ಗೊತ್ತು. ಹೊಸ ಸುಣ್ಣದ ಗೋಡೆಗೆ ಸಾರು ಹಾರಿದರೂ ಆಗುವುದು ಅದೇ.

ನೀಲಿಗೆ ಹೆಸರಿಡಿ

ಪೇಂಟರ್ ಹತ್ತಿರ “ನೀಲಿ” ಎಂದರೆ ಸಾಲದು. ನನ್ನ ಅನುಭವದಲ್ಲಿ ಸೀರೆ ಅಂಗಡಿಯ ಭಾಷೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಇಂಕ್ ಬ್ಲೂ, ಆಕಾಶನೀಲಿ, ನವಿಲುಕಂಠ, ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನ ಎಂ.ಎಸ್. ಬ್ಲೂ. ಅಡಿಕೆ ಸೀಮೆಯವರಾದರೆ ಇನ್ನೊಂದು ಹೆಸರಿದೆ, ಮೈಲುತುತ್ತದ ಬಣ್ಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಡ್ರಮ್ಮು, ಕೊಟ್ಟಿಗೆಯ ಕಲ್ಲು, ಕೊನೆಗಾರನ ಅಂಗಿ ಎಲ್ಲಕ್ಕೂ ಮಳೆಗಾಲದಲ್ಲಿ ಹತ್ತುವ ಆ ಹಸಿರು ಬೆರೆತ ತಿಳಿನೀಲಿಯಷ್ಟು ಹಿತವಾದ ಗೋಡೆಬಣ್ಣ ಇನ್ನೊಂದಿಲ್ಲ ಎಂದು ನನಗನ್ನಿಸಿದೆ. ಬಣ್ಣವನ್ನಷ್ಟೇ ತೆಗೆದುಕೊಳ್ಳಿ, ಮೈಲುತುತ್ತ ವಿಷ, ಅದು ತೋಟಕ್ಕೇ ಇರಲಿ.

ಈ ಹೆಸರುಗಳ ಹಿಂದೆ ನಿಜವಾಗಿ ಇರುವುದು ಎರಡು ಕುಲ. ಒಂದು ಕೆಂಪಿನ ಕಡೆ ವಾಲುವ ನೀಲಿ: ಇಂಕ್ ಬ್ಲೂ, ಅಲ್ಟ್ರಾಮರೀನ್, ಮುಸ್ಸಂಜೆಯ ಆಕಾಶ. ಇನ್ನೊಂದು ಹಸಿರಿನ ಕಡೆ ವಾಲುವುದು: ನವಿಲುಕಂಠ, ಮೈಲುತುತ್ತ. ಒಂದೇ ಅಡುಗೆಮನೆಯಲ್ಲಿ ಎರಡೂ ಕುಲ ಸಮಸಮನಾಗಿ ಬಂದರೆ ಒಂದು ಕೊಳೆಯಾಗಿ ಕಾಣುತ್ತದೆ. ಒಂದನ್ನು ಆರಿಸಿ, ಅದರಲ್ಲೇ ಕಡು ಮತ್ತು ತಿಳಿ ತನ್ನಿ.

ಬೆಳಕು ಮೊದಲು, ಬಣ್ಣ ಆಮೇಲೆ

ನಮ್ಮ ಮನೆಗಳಲ್ಲಿ ಅಡುಗೆಮನೆ ಬಹುತೇಕ ಆಗ್ನೇಯದಲ್ಲಿರುತ್ತದೆ. ಪೂರ್ವಕ್ಕೆ ಕಿಟಕಿಯಿದ್ದರೆ ಬೆಳಗಿನ ಬೆಚ್ಚನೆಯ ಬಿಸಿಲು ಒಳಗೆ ಬಂದು ಎಂಥ ನೀಲಿಯೂ ಜೀವ ತಳೆಯುತ್ತದೆ. ಮಧ್ಯಾಹ್ನದ ನಂತರ ಆ ಬೆಳಕು ಇಲ್ಲ. ಉತ್ತರದ ಕಿಟಕಿಯ ಬೆಳಕು ದಿನವಿಡೀ ತಣ್ಣಗಿರುತ್ತದೆ. ಅಲ್ಲಿ ಬೂದು ಬೆರೆತ ನೀಲಿ ಹಾಕಿದರೆ ಮಳೆಗಾಲವಿಡೀ ಮನೆ ಮಂಕಾಗುತ್ತದೆ, ಹಸಿರಿನ ಕುಲದ ತಿಳಿನೀಲಿಯೇ ಸರಿ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಗೆ ನೇರ ಕಿಟಕಿಯೇ ಇರದೆ ಬೆಳಕು ಯುಟಿಲಿಟಿಯಿಂದ ಹಾದು ಬರುತ್ತದೆ. ಅಂಥಲ್ಲಿ ಕಡುನೀಲಿಯನ್ನು ಕಟ್ಟೆಗಿಂತ ಮೇಲೆ ತರಬೇಡಿ.

ಹೆಚ್ಚಿನ ಪೇಂಟ್ ಕಂಪನಿಗಳು ಪ್ರತಿ ಶೇಡಿಗೂ ಎಲ್‌ಆರ್‌ವಿ ಎಂಬ ಸಂಖ್ಯೆ ಕೊಡುತ್ತವೆ. 0 ಎಂದರೆ ಬೆಳಕನ್ನು ಪೂರ್ತಿ ನುಂಗುವ ಕಪ್ಪು, 100 ಎಂದರೆ ಪೂರ್ತಿ ಹಿಂತಿರುಗಿಸುವ ಬಿಳಿ. ಅಂಗಡಿಯವರನ್ನು ಕೇಳಿದರೆ ನೋಡಿ ಹೇಳುತ್ತಾರೆ. ಸಣ್ಣ ಅಡುಗೆಮನೆಯ ಗೋಡೆಗೆ 55–60ಕ್ಕಿಂತ ಕಡಿಮೆಯದನ್ನು ನಾನಂತೂ ಆರಿಸುವುದಿಲ್ಲ. ಕಡುನೀಲಿಗಳು 10ರ ಕೆಳಗೇ ಇರುತ್ತವೆ. ನನ್ನ ಹದಿನಾಲ್ಕು ಬಾಗಿಲುಗಳು ಏಕೆ ಕಪ್ಪಾದವು ಎಂದು ನನಗೆ ತಿಳಿದದ್ದು ಈ ಸಂಖ್ಯೆ ನೋಡಿದ ಮೇಲೆ.

ರಾತ್ರಿಯ ದೀಪದ ಬಗ್ಗೆ ಇನ್ನೂ ಎಚ್ಚರ ಬೇಕು. ಎಲ್‌ಇಡಿ ಪೆಟ್ಟಿಗೆಯ ಮೇಲೆ ಬರೆದ ಕೆಲ್ವಿನ್ ಸಂಖ್ಯೆ ಓದಿ. 2700–3000 ಕೆಲ್ವಿನ್ನಿನ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಅದರಡಿ ಇಂಕ್ ಬ್ಲೂ ಕಪ್ಪಿಗೆ ತಿರುಗುತ್ತದೆ, ನವಿಲುಕಂಠ ಹಸಿರಾಗುತ್ತದೆ. 6500 ಕೆಲ್ವಿನ್ನಿನ ಬೆಳ್ಳನೆಯ ಬೆಳಕಿನಲ್ಲಿ ನೀಲಿ ಸ್ಪಷ್ಟವಾಗಿ ಕಂಡರೂ ಗೋಡೆ ಆಸ್ಪತ್ರೆಯದರಂತಾಗಿ, ಒಲೆಯ ಮೇಲಿನ ಪಲ್ಯ ಕಳೆಗುಂದುತ್ತದೆ. ನಡುವಿನ 4000 ಕೆಲ್ವಿನ್ ನೀಲಿ ಅಡುಗೆಮನೆಗೆ ಹೊಂದುತ್ತದೆ. ಜೊತೆಗೆ ಸಿಆರ್‌ಐ, ಅಂದರೆ ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣದ ಅಳತೆ, 90ರಷ್ಟಿರುವ ದೀಪ ಸಿಕ್ಕರೆ ಬಿಡಬೇಡಿ, ಈರುಳ್ಳಿ ಕೆಂಬಣ್ಣಕ್ಕೆ ಬಂದದ್ದು ಸರಿಯಾಗಿ ಕಾಣುತ್ತದೆ. ಮೇಲಿನ ಕಪಾಟಿನ ತಳಕ್ಕೆ ಒಂದು ದೀಪದ ಪಟ್ಟಿ ಹಾಕಿಸಿದರೆ ನಿಮ್ಮ ನೆರಳೇ ತರಕಾರಿಯ ಮೇಲೆ ಬೀಳುವುದು ತಪ್ಪುತ್ತದೆ. ನನ್ನ ಮನೆಯ ಕೆಲಸದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಬದಲಾವಣೆ ತಂದದ್ದು ಈ ಪಟ್ಟಿ.

ಎಲ್ಲಿ ಹಾಕಬೇಕು

ಮೊದಲು ಕಲ್ಲು ನೋಡಿ, ಏಕೆಂದರೆ ಅದನ್ನು ಬದಲಿಸುವುದು ಕಷ್ಟ. ಕಟ್ಟೆ ಚಾಮರಾಜನಗರದ ಕಪ್ಪು ಗ್ರಾನೈಟ್ ಅಥವಾ ಕಡಪ ಕಲ್ಲಾಗಿದ್ದರೆ ಕೆಳಗಿನ ಬಾಗಿಲುಗಳಿಗೆ ಮಧ್ಯಮ ನೀಲಿ ಹೊಂದುತ್ತದೆ. ಕಡುನೀಲಿಯೇ ಬೇಕೆಂದರೆ ಗೋಡೆಯೂ ಮೇಲಿನ ಬಾಗಿಲೂ ಬಿಳಿಯಾಗಿರಲಿ. ಸಾದರಹಳ್ಳಿಯ ಬೂದುಕಲ್ಲಿಗೆ ಯಾವ ನೀಲಿಯಾದರೂ ಸರಿ. ಇಳಕಲ್ಲಿನ ಕೆಂಪು ಗ್ರಾನೈಟಿಗೆ, ಹಾಗೆಯೇ ಹಳೆಯ ರೆಡ್ ಆಕ್ಸೈಡ್ ನೆಲಕ್ಕೆ, ಬೂದು ಬೆರೆತ ಮಂದ ನೀಲಿ ಬೇಕು. ಢಾಳಾದ ನೀಲಿ ಕೆಂಪಿನೊಡನೆ ಜಗಳ ಕಾಯುತ್ತದೆ. ಕಲ್ಲಾದ ಮೇಲೆ ಟೈಲ್ಸ್, ಆಮೇಲೆ ಲ್ಯಾಮಿನೇಟ್, ಕಟ್ಟಕಡೆಗೆ ಗೋಡೆಯ ಪೇಂಟ್. ಪೇಂಟನ್ನು ಸಾವಿರ ಛಾಯೆಯಲ್ಲಿ ಕಲಸಿಕೊಡುತ್ತಾರೆ, ಟೈಲ್ಸ್ ಇದ್ದದ್ದರಲ್ಲೇ ಆರಿಸಬೇಕು. ಅನೇಕರು ಈ ಸರದಿಯನ್ನು ಉಲ್ಟಾ ಮಾಡಿಕೊಂಡು ಕಷ್ಟಪಡುತ್ತಾರೆ.

ನೀಲಿಗೆ ಅತ್ಯುತ್ತಮ ಜಾಗ ಕಟ್ಟೆಗೂ ಮೇಲಿನ ಕಪಾಟಿಗೂ ನಡುವಿನ ಎರಡಡಿ ಎತ್ತರದ ಪಟ್ಟಿ. ಕಣ್ಣಿನ ಮಟ್ಟದಲ್ಲಿರುತ್ತದೆ, ಅದರ ಮುಂದೆ ಪಾತ್ರೆ-ಡಬ್ಬಿ ನಿಲ್ಲುತ್ತವೆ, ವಿಸ್ತೀರ್ಣವೂ ಕಡಿಮೆ. ಹತ್ತಡಿ ಉದ್ದದ ಕಟ್ಟೆಗೆ ಇಪ್ಪತ್ತು ಚದರಡಿ. ನಾಲ್ಕಂಗುಲ ಚೌಕದ ಟೈಲ್ಸ್ ಆದರೆ ಚದರಡಿಗೆ ಒಂಬತ್ತು, ಒಟ್ಟು 180. ಒಡೆಯುವುದು, ಕತ್ತರಿಸುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿ ಇನ್ನೂರು ತನ್ನಿ. ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿ, ನೀಲಿಯಲ್ಲಿ ಬ್ಯಾಚಿಂದ ಬ್ಯಾಚಿಗೆ ಛಾಯೆ ಬದಲಾದರೆ ಬೇಗ ಗೊತ್ತಾಗುತ್ತದೆ. ಕೈಯಲ್ಲಿ ಚಿತ್ರ ಬರೆದ ನೀಲಿ-ಬಿಳಿ ಟೈಲ್ಸ್ ಬೇಕೆನ್ನುವವರು ಕೊಚ್ಚಿಗೆ ಹೋದಾಗ ಮಟ್ಟಾಂಚೇರಿಯ ಯಹೂದಿ ಪ್ರಾರ್ಥನಾಮಂದಿರದ ನೆಲ ನೋಡಿ ಬನ್ನಿ. 18ನೆಯ ಶತಮಾನದಲ್ಲಿ ಚೀನಾದಿಂದ ತರಿಸಿದ ಪಿಂಗಾಣಿ ಚೌಕಗಳು, ಒಂದರ ಚಿತ್ರದಂತೆ ಇನ್ನೊಂದರದಿಲ್ಲ ಎಂದು ಹೆಸರಾದವು. ಕೈಕೆಲಸದ ಏರುಪೇರು ಹತ್ತಿರ ಹತ್ತಿರ ಜೋಡಿಸಿದಾಗ ಎಷ್ಟು ಚೆಂದ ಎಂಬುದು ಅಲ್ಲಿ ತಿಳಿಯುತ್ತದೆ. ಜೈಪುರದ ಬ್ಲೂ ಪಾಟರಿಯನ್ನು ಮಾತ್ರ ಒಲೆಯ ಹಿಂದೆ ಹಾಕಬೇಡಿ. ಜೇಡಿಮಣ್ಣಿಲ್ಲದೆ ಕ್ವಾರ್ಟ್ಸ್ ಪುಡಿ, ಗಾಜಿನ ಪುಡಿಯಿಂದ ಮಾಡುವ ನಾಜೂಕಿನ ವಸ್ತು ಅದು. ಕಪಾಟಿನ ಹಿಡಿ, ಗೂಡಿನ ಅಂಚು ಅದಕ್ಕೆ ತಕ್ಕ ಜಾಗ.

ಟೈಲ್ಸ್ ನಡುವಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿಸಿದರೆ ಒಂದೇ ತಿಂಗಳ ಒಗ್ಗರಣೆಗೆ ಅದು ಹಳದಿಯಾಗುತ್ತದೆ. ನೀಲಿಯ ನಡುವೆ ಆ ಹಳದಿ ಗೆರೆ ಇನ್ನೂ ಎದ್ದು ಕಾಣುತ್ತದೆ. ತಿಳಿ ಬೂದುಬಣ್ಣದ ಎಪಾಕ್ಸಿ ಗ್ರೌಟ್ ಹಾಕಿಸಿ; ದುಡ್ಡು ಹೆಚ್ಚು, ಆದರೆ ಎಣ್ಣೆ, ಅರಿಶಿನ ಒಳಗಿಳಿಯುವುದಿಲ್ಲ. ಕೊಳವೆಬಾವಿಯ ಗಡಸುನೀರಿನ ಮನೆಯಾದರೆ ಸಿಂಕಿನ ಹಿಂದೆ ಕಡುನೀಲಿ ಬೇಡ, ನೀರು ಹಾರಿದಲ್ಲೆಲ್ಲ ಬಿಳಿ ಚುಕ್ಕೆ ನಿಲ್ಲುತ್ತದೆ. ಅದನ್ನು ತೆಗೆಯಲು ವಿನಿಗರ್ ಹಚ್ಚುವಾಗ ಕಡಪ, ಶಹಾಬಾದ್ ಕಲ್ಲಿಗೆ ತಾಗಿಸಬೇಡಿ. ಎರಡೂ ಸುಣ್ಣದ ಕಲ್ಲುಗಳು, ಹುಳಿಗೆ ಹೊಳಪು ಹೋಗುತ್ತದೆ.

ಕಪಾಟಿನ ಬಾಗಿಲಿಗೆ ಮ್ಯಾಟ್ ಕಡುನೀಲಿ ಲ್ಯಾಮಿನೇಟ್ ಹಾಕಿಸಿದವರ ಮನೆಯಲ್ಲೆಲ್ಲ ನಾನು ಕಂಡದ್ದು ಬೆರಳಚ್ಚು. ಹಿಡಿಯಿಲ್ಲದ ಬಾಗಿಲಾದರಂತೂ ದಿನಕ್ಕೆರಡು ಸಲ ಒರೆಸಬೇಕು. ಹಿಡಿ ಹಾಕಿಸಿ, ಹಿತ್ತಾಳೆಯದಾದರೆ ನೀಲಿಗೆ ಒಡವೆ ತೊಡಿಸಿದ ಹಾಗೆ. ಲ್ಯಾಮಿನೇಟ್ ಆರಿಸುವಾಗ ಚಿಕ್ಕ ತುಂಡು ನೋಡಿ ಒಪ್ಪಬೇಡಿ. ದೊಡ್ಡ ತುಂಡನ್ನೇ ಕೇಳಿ ತಂದು, ಬಾಗಿಲು ನಿಲ್ಲುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಎರಡು ದಿನ ನೋಡಿ.

ಗೋಡೆಯ ಪೇಂಟ್ ಒರೆಸಲು ಬರುವ, ಸ್ವಲ್ಪ ಹೊಳಪಿನ ಎಮಲ್ಷನ್ ಆಗಿರಲಿ. ಹೊಸ ಗಾರೆಯಾದರೆ ಸುಮಾರು ನಾಲ್ಕು ವಾರ ಆರಲು ಬಿಟ್ಟು, ಪ್ರೈಮರ್ ಹಾಕಿ ಆಮೇಲೆ ಬಳಿಸಿ. ಚಾವಣಿಗೆ ನೀಲಿ ಬೇಡ ಎಂಬುದು ನನ್ನ ಅಭಿಪ್ರಾಯ, ಬೆಳಕೆಲ್ಲ ಅಲ್ಲಿಂದ ಕೆಳಗೆ ಬರಬೇಕು. ತೆರೆದ ಗೂಡಿನ ಒಳಮೈಗೆ ಮಾತ್ರ ಕಡುನೀಲಿ ಬಳಿದು ನೋಡಿ. ಬಿಳಿ ಪಿಂಗಾಣಿ, ಉಪ್ಪಿನಕಾಯಿ ಭರಣಿ, ಸ್ಟೀಲ್ ಡಬ್ಬಿ ಏನಿಟ್ಟರೂ ಹೊಳೆಯುತ್ತದೆ. ಒಂದು ಚಿಕ್ಕ ಡಬ್ಬಿ ಪೇಂಟ್ ಸಾಕು.

ಆಗ್ನೇಯ ಅಗ್ನಿಯ ಮೂಲೆ, ನೀಲಿ ನೀರಿನ ಬಣ್ಣ, ಎರಡೂ ಕೂಡದು ಎಂದು ವಾಸ್ತು ನೋಡುವ ಹಿರಿಯರು ಹೇಳುವುದುಂಟು. ಮನೆಯಲ್ಲಿ ಅಂಥ ಮಾತು ಬಂದರೆ ಮನಸ್ಸು ಮುರಿಯುವುದು ಬೇಡ. ಒಲೆಯ ಗೋಡೆಯನ್ನು ಕೆನೆಬಣ್ಣಕ್ಕೆ ಬಿಟ್ಟು ಎದುರು ಗೋಡೆಗೆ ನೀಲಿ ಹಾಕಿ. ಎಣ್ಣೆಯ ಹನಿಯಿಂದಲೂ ದೂರ, ಅಡುಗೆ ಮಾಡುವವರು ತಿರುಗಿದಾಗ ಕಣ್ಣಿಗೂ ತಂಪು.

ಬಾಡಿಗೆ ಮನೆಯವರಿಗೆ

ಗೋಡೆ ಮುಟ್ಟುವಂತಿಲ್ಲದಿದ್ದರೂ ನೀಲಿ ತರಬಹುದು. ಕಟ್ಟೆಯ ಕೆಳಗೆ ಬಾಗಿಲಿಲ್ಲದ ಗೂಡುಗಳಿದ್ದರೆ ಹಳೆಯ ಹತ್ತಿಯ ನೀಲಿ ಇಳಕಲ್ ಸೀರೆ ಕತ್ತರಿಸಿ ಪರದೆ ಹೊಲಿಸಿ. ಅದರ ಕೆಂಪು ಸೆರಗಿನ ಭಾಗವನ್ನು ಸಿಂಕಿನ ಕೆಳಗೆ ಬರುವಂತೆ ಜೋಡಿಸಿದರೆ ಮೂಲೆಗೂ ಒಂದು ಚೆಲುವು. ನೈಲಾನ್ ಬಟ್ಟೆ ಒಲೆಯ ಹತ್ತಿರ ಅಪಾಯ, ಹತ್ತಿಯಾದರೂ ಉರಿಯಿಂದ ದೂರವೇ ಇರಬೇಕು. ನೀಲಿಗಿಡದ ಬಣ್ಣದ ಹೊಸ ಬಟ್ಟೆ ಮೊದಲ ಕೆಲವು ಒಗೆತದಲ್ಲಿ ಬಣ್ಣ ಬಿಡುತ್ತದೆ, ಬೇರೆಯಾಗಿ ಒಗೆಯಿರಿ.

ಡ್ರಾಯರುಗಳ ಹಿಡಿಗೆ ಚನ್ನಪಟ್ಟಣಕ್ಕೆ ಹೋಗಿ. ಬೊಂಬೆ ಮಾಡುವ ಅದೇ ಆಲೆಮರವನ್ನು ಕಡೆದು, ಅರಗಿನ ಬಣ್ಣ ಏರಿಸಿ ಗುಂಡು ಹಿಡಿಗಳನ್ನು ಮಾಡಿಕೊಡುತ್ತಾರೆ. ಆ ಮರದ ಎಲೆಯಿಂದಲೂ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ಅದರ ಸಸ್ಯಶಾಸ್ತ್ರೀಯ ಹೆಸರು ರೈಟಿಯಾ ಟಿಂಕ್ಟೋರಿಯಾ, ಟಿಂಕ್ಟೋರಿಯಾ ಎಂದರೆ ಬಣ್ಣಗಾರಿಕೆಯದು ಎಂದೇ ಅರ್ಥ. ಅರಗು ಕಾವಿಗೆ ಕರಗುವುದರಿಂದ ಒಲೆಯ ಪಕ್ಕದ ಡ್ರಾಯರಿಗೆ ಇವು ಬೇಡ. ಮನೆ ಬಿಡುವಾಗ ಹಳೆಯ ಹಿಡಿಗಳನ್ನು ಮತ್ತೆ ಹಾಕಿ, ಇವನ್ನು ಜೊತೆಗೆ ಒಯ್ಯಿರಿ.

ಇನ್ನೊಂದು ಮಾತು. ನಮ್ಮ ನಗರದ ಅಡುಗೆಮನೆಗಳಲ್ಲಿ ಈಗಾಗಲೇ ಒಂದು ನೀಲಿ ಕೂತಿದೆ: ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನು. ಅದನ್ನು ಲೆಕ್ಕಕ್ಕೆ ಹಿಡಿಯದೆ ನವಿಲುಕಂಠದ ಗೋಡೆ ಮಾಡಿಸಿ, ಆಮೇಲೆ ಕ್ಯಾನಿನ ಪ್ಲಾಸ್ಟಿಕ್ ನೀಲಿ ಎದುರಿಗೆ ಬಂದು ಕಣ್ಣು ಚುಚ್ಚಿದ ಮನೆಗಳನ್ನು ನೋಡಿದ್ದೇನೆ. ಅದಕ್ಕೊಂದು ಮರೆ ಮಾಡಿ, ಇಲ್ಲವೇ ಅದಕ್ಕೆ ಹೊಂದುವ ಕುಲವನ್ನೇ ಆರಿಸಿ.

ಕೆಲಸ ಮುಗಿದ ದಿನ ಉಳಿದ ಪೇಂಟನ್ನು ಎಸೆಯಬೇಡಿ. ಗಾಳಿಯಾಡದ ಡಬ್ಬಿಗೆ ಸುರಿದು ಅಟ್ಟಕ್ಕೇರಿಸಿ. ಶೇಡ್ ನಂಬರ್, ಟೈಲ್ಸ್ ಬ್ಯಾಚ್ ನಂಬರ್, ಲ್ಯಾಮಿನೇಟಿನ ಕೋಡ್, ಸುಣ್ಣವಾದರೆ ಬಕೆಟ್ಟಿಗೆ ಎಷ್ಟು ಚಮಚ ಪುಡಿ ಎಂಬುದು, ಎಲ್ಲವನ್ನೂ ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಸಿಂಕಿನ ಪಕ್ಕದ ಬಾಗಿಲಿನ ಒಳಮೈಗೆ ಅಂಟಿಸಿ. ನಾಲ್ಕು ವರ್ಷದ ನಂತರ ಒಂದು ಟೈಲ್ಸ್ ಒಡೆದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.